ಜಾಗ ಬಿಟ್ಟು ಮಾತಾಡುವ ಮೈದುನ

ನನ್ನ ಮೈದುನನಿಗೆ ಮದುವೆಯಾಗಲಿಲ್ಲ. ಕಾರಣ ಹೇಳಿದರೆ ನೀವು ನಂಬುವುದಿಲ್ಲ. ಬ್ಯಾಂಕಿನಲ್ಲಿ ನೌಕರಿ ಇತ್ತು, ಬೆಳಗಾವಿಯ ಸದಾಶಿವನಗರದಲ್ಲಿ ಮನೆ ಇತ್ತು, ತಲೆಯ ಮೇಲೆ ಆಗಿನ್ನೂ ಕೂದಲಿತ್ತು. ಇಷ್ಟೆಲ್ಲ ಇದ್ದೂ ಕಾಕತಿಯ ಒಂದು ಚಿನ್ನದಂಥ ಹುಡುಗಿ ಕೈತಪ್ಪಿ ಹೋದದ್ದು ಬರೀ ಒಂದು ಉಸಿರಿನಷ್ಟು ಹೊತ್ತಿನಿಂದ!

ಹುಡುಗಿ ಅವಲಕ್ಕಿ ತಂದಿಟ್ಟು ಒಳಗೆ ಹೋದಳು. ಅವಳ ಅಪ್ಪ ಮೀಸೆ ಸವರಿಕೊಂಡು ಕೇಳಿದರು, "ಹೆಂಗ್ರೀ, ಹುಡುಗಿ ಮನಸಿಗೆ ಬಂದಳೇನು?"

ನನ್ನ ಮೈದುನ ಬಾಯಿ ಮುಚ್ಚಿಕೊಂಡು ಜಂತಿ ನೋಡುತ್ತಾ ಕುಳಿತ. ಒಂದು ಉಸಿರು ಹೋಯಿತು. ಹುಡುಗಿಯ ಅಪ್ಪ ನನ್ನ ಮುಖ ನೋಡಿದರು. ನಾನು ಜಮಖಾನದ ಮೇಲೆ ಕಾಲು ಸರಿಸಿ ಇವನ ಕಾಲು ಒದ್ದೆ. ಹುಡುಗಿಯ ಕಾಕಾ ಗಂಟಲು ಸರಿಮಾಡಿಕೊಂಡು, "ಈ ವರ್ಷ ಕಬ್ಬು ಹೆಂಗೈತ್ರಿ ನಿಮ್ಮ ಕಡೆ?" ಅಂದರು. ಹೆಣ್ಣು ನೋಡುವ ಮನೆಯಲ್ಲಿ ಮಾತು ಕಬ್ಬಿಗೆ ಹೋಯಿತೆಂದರೆ ಕತೆ ಮುಗಿದ ಹಾಗೆ. ಆಗ ನಮ್ಮ ವರಮಹಾಶಯ ಬಾಯಿ ಬಿಟ್ಟ: "ಬಂದಾಳ್ರೀ. ಓವರ್."

ಅಷ್ಟೊತ್ತಿಗೆ ಅವಲಕ್ಕಿಯ ತಾಟುಗಳು ಒಳಗೆ ಹೋಗಿದ್ದವು.

ಬಸ್ಸಿನಲ್ಲಿ ತರಾಟೆಗೆ ತೆಗೆದುಕೊಂಡೆ. "ಯಾಕೋ ಹಂಗ ಕುಂತಿ? ನಾಲಿಗಿ ಬ್ಯಾಂಕಿನಾಗ ಅಡಾ ಇಟ್ಟು ಬಂದೀಯೇನು?"

"ಜಾಗ ಬಿಟ್ಟಿದ್ದೆ, ವೈನಿ." ವೈನಿ ಅಂದರೆ ಅತ್ತಿಗೆ, ನಮ್ಮ ಕಡೆ ಹಾಗೇ.

"ಯಾರಿಗೆ ಬಿಟ್ಟಿದ್ದಿ?"

"ನಡುವ ಯಾರಿಗರೆ ಏನರೆ ಹೇಳೂದಿದ್ದರ?"

ಇದಕ್ಕೆ ಏನು ಹೇಳುತ್ತೀರಿ? ನಾನೂ ಏನೂ ಹೇಳಲಿಲ್ಲ. ಅವನು ಅದನ್ನೂ ಜಾಗ ಬಿಟ್ಟದ್ದೆಂದೇ ತಿಳಿದು ಸಂತೋಷಪಟ್ಟ.

ಈ ರೋಗ ಹತ್ತಿದ್ದು ರೇಡಿಯೋದಿಂದ. ಹಾಡು ಕೇಳುವ ರೇಡಿಯೋ ಅಲ್ಲ. ಸರ್ಕಾರದ ಪರೀಕ್ಷೆ ಕಟ್ಟಿ, ಪಾಸಾಗಿ, ಲೈಸೆನ್ಸ್ ತೆಗೆದುಕೊಂಡು, ಮನೆಯಲ್ಲೇ ಕುಳಿತು ಗಾಳಿಯಲ್ಲಿ ಊರೂರಿನವರ ಜೊತೆ ಮಾತಾಡುವ ಹವ್ಯಾಸಿ ರೇಡಿಯೋ. ಅವನು ಮೊದಲ ಸಲ ಆ ಪೆಟ್ಟಿಗೆ ತಂದಾಗ ನಾನು ಆಸೆಯಿಂದ ಕೇಳಿದ್ದೆ, "ಹಾಡು ಬರತಾವೇನೋ?"

"ಇಲ್ಲ, ವೈನಿ."

"ಕ್ರಿಕೆಟ್ಟು?"

"ಇಲ್ಲ."

"ಮತ್ತ ಏನ್ ಬರತೈತಿ ಅದರಾಗ?"

"ಮಂದಿ ಬರತಾರ."

ಮಂದಿ ಬರಲಿಕ್ಕೆ ನಮ್ಮ ಮನೆಗೆ ಬಾಗಿಲು ಇರಲಿಲ್ಲವೇ? ಆದರೆ ಬಾಗಿಲಲ್ಲಿ ಬರುವವರಿಗೂ ಗಾಳಿಯಲ್ಲಿ ಬರುವವರಿಗೂ ಒಂದು ವ್ಯತ್ಯಾಸವಿದೆಯಂತೆ. ಗಾಳಿಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡುವಂತಿಲ್ಲ. ಒಬ್ಬರು ಗುಂಡಿ ಒತ್ತಿ ಮಾತಾಡಿ, "ಓವರ್" ಎಂದು ಗುಂಡಿ ಬಿಡಬೇಕು. ಆಮೇಲೆ ಕೂಡಲೇ ಮತ್ತೊಬ್ಬರು ಬಾಯಿ ಹಾಕಬಾರದು. ನಡುವೆ ಒಂದಿಷ್ಟು ಜಾಗ ಬಿಡಬೇಕು. ಯಾರಿಗೋ ತುರ್ತು ಇರಬಹುದು, ಯಾರೋ ಹೊಸಬರು ಬಾಗಿಲ ಹೊರಗೆ ನಿಂತಿರಬಹುದು, ಅವರು ಒಳಗೆ ಬರಲಿ ಅಂತ. ನಮ್ಮ ಮನೆಯಲ್ಲಿ ಹಾಗೆ ಜಾಗ ಬಿಟ್ಟು ನೋಡಿ! ಊಟದ ಪಂಕ್ತಿಗೆ ಬಿದ್ದ ಹಾಗೆ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಮೊದಲು ಬೀಳುವವಳು ನಾನು.

ನಿಯಮ ಅಂದರೆ ಅವನಿಗೆ ದೇವರು. ಒಮ್ಮೆ ನೆಂಟರ ಪೈಕಿ ದೊಡ್ಡ ಸಾಹೇಬರೊಬ್ಬರು ಅವನ ಮನೆಗೆ ಬಂದವರು ತಮಾಷೆಗೆ ಮೈಕು ಕೈಗೆತ್ತಿಕೊಂಡರು. ಇವನು ಮಗುವಿನ ಕೈಯಿಂದ ಚಾಕು ಕಸಿದುಕೊಂಡ ಹಾಗೆ ಕಸಿದುಕೊಂಡ.

"ಲೈಸೆನ್ಸ್ ಐತೇನ್ರಿ?"

"ಅಲ್ಲೋ ತಮ್ಮಾ, ಇಡೀ ಜಿಲ್ಲಾದ ಮಂದಿಗೆ ಲೈಸೆನ್ಸ್ ಕೊಡಾಂವ ನಾನು!"

"ಖರೇ ರೀ. ಇದಕ್ಕ ಐತೇನ್ರಿ?"

ಸಾಹೇಬರು ಚಹಾ ಕುಡಿಯದೆ ಎದ್ದುಹೋದರು. ಆ ಚಹಾ ನಾನೇ ಕುಡಿದೆ.

ಇನ್ನು ನಮ್ಮ ಮನೆಯವರ ವಿಷಯಕ್ಕೆ ಬರುತ್ತೇನೆ. ಇವರು ಲೋಂಡಾದಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ಧ್ವನಿ ಹೇಗಿತ್ತೆಂದರೆ, ಇವರು ಒಮ್ಮೆ ಕೂಗಿದರೆ ಗೋವಾಕ್ಕೆ ಹೋಗುವ ಗಾಡಿಯೂ ಹುಬ್ಬಳ್ಳಿಗೆ ಹೋಗುವ ಗಾಡಿಯೂ ಎರಡೂ ಗಾಬರಿಯಾಗಿ ನಿಲ್ಲುತ್ತಿದ್ದವು ಎಂದು ಮೈದುನನೇ ಚೇಷ್ಟೆ ಮಾಡುತ್ತಿದ್ದ. ತಮ್ಮನ ಕಾಟ ತಡೆಯಲಾರದೆ ಇವರೂ ಅವನ ಜೊತೆ ರೇಡಿಯೋ ಪರೀಕ್ಷೆ ಕಟ್ಟಿ ಪಾಸಾಗಿದ್ದರು. ದೇವರ ಗೂಡಿನಲ್ಲಿ ಜಾಗವಿಲ್ಲವೆಂದು ಲೈಸೆನ್ಸಿಗೆ ಕಟ್ಟು ಹಾಕಿಸಿ ಅಡುಗೆಮನೆಯಲ್ಲಿ ತೂಗುಹಾಕಿದ್ದೆವು. ಉಪಯೋಗಿಸಿದ್ದು ಮಾತ್ರ ಇಲ್ಲ. "ಮಾತಾಡಾಕ ನಾ ಪಗಾರ ತಗೋತೀನಿ. ಬಿಟ್ಟಿ ಯಾಕ ಮಾತಾಡ್ಲಿ?" ಎನ್ನುತ್ತಿದ್ದರು.

ನಿವೃತ್ತರಾಗಿ ನಾವು ಖಾನಾಪುರಕ್ಕೆ ಬಂದು ಮನೆ ಮಾಡಿದೆವು. ಮೊಬೈಲು ಇನ್ನೂ ಸಾಹುಕಾರರ ಕಿಸೆಯಲ್ಲಷ್ಟೇ ಇದ್ದ ಕಾಲ. ಆಗ ಇವರಿಗೆ ಲಕ್ವಾ ಹೊಡೆಯಿತು. ಕಾಲು ಬಂತು, ಕೈ ಬಂತು. ಮಾತು ಮಾತ್ರ ಪ್ಯಾಸೆಂಜರ್ ಗಾಡಿಯಂತಾಯಿತು. ಬರುತ್ತಿತ್ತು, ಆದರೆ ಎಲ್ಲೋ ಕಾಡಿನಲ್ಲಿ ನಿಂತು ನಿಂತು ಬರುತ್ತಿತ್ತು. ಅದು ಬರುವವರೆಗೆ ಕಾಯುವ ಜನ ನಾವಲ್ಲವಲ್ಲ!

ಇವರು "ನೀ..." ಅನ್ನುವುದೇ ತಡ.

"ನೀರು! ನೀರು ಕೇಳಾಕತ್ತಾರ!" ಎಂದು ಮಗಳು ತಂಬಿಗೆ ತರುತ್ತಿದ್ದಳು.

"ಅಲ್ಲ, ನೀಲಿ ಅಂಗಿ!" ಎಂದು ನಾನು ಟ್ರಂಕು ತೆಗೆಯುತ್ತಿದ್ದೆ.

"ನೀಲವ್ವ ಬಂದಳೇನು ಅಂತ ಕೇಳತಾರ!" ಎಂದು ಅಳಿಯ ಹೊರಗೆ ಇಣುಕುತ್ತಿದ್ದ.

ಅಷ್ಟರಲ್ಲಿ ಇವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಬಹುಶಃ ಹೇಳಲು ಹೊರಟಿದ್ದು "ನೀವೆಲ್ಲಾ ಹೊರಗ ನಡೀರಿ" ಅಂತ ಇರಬೇಕು.

ಡಾಕ್ಟರು ಹೇಳಿದ್ದರು, "ದಿನಾ ಮಾತಾಡಸ್ರಿ. ಇಲ್ಲಾಂದ್ರ ಇದ್ದ ಮಾತೂ ಹೋಗತಾವ." ಸರಿ, ಬಂಧುಬಳಗಕ್ಕೆಲ್ಲ ಸುದ್ದಿ ಹೋಯಿತು. ಎಲ್ಲರೂ ಮಾತಾಡಿಸಲು ಬಂದರು. ಅಂಗನವಾಡಿ ಮಗುವಿಗೆ ಕೇಳುವ ಹಾಗೆ "ನಾ ಯಾರು ಹೇಳ್ರಿ ನೋಡೂಣು?" ಎಂದು ಕೇಳಿದರು. ತಾವೇ ಉತ್ತರ ಹೇಳಿ, ಚಹಾ ಕುಡಿದು, "ಸುಧಾರಿಸ್ಯಾರ ಬಿಡ್ರಿ" ಎಂದು ಹೋದರು. ಅದಾದ ಮೇಲೆ ಇವರು ಬಾಯಿ ತೆರೆಯುವುದನ್ನೇ ಬಿಟ್ಟರು. ಬೆರಳು ತೋರಿಸುತ್ತಿದ್ದರು, ತಲೆ ಅಲ್ಲಾಡಿಸುತ್ತಿದ್ದರು, ಅಷ್ಟೇ. ಲೋಂಡಾ ಸ್ಟೇಷನ್ನನ್ನು ಎಬ್ಬಿಸುತ್ತಿದ್ದ ಗಂಡಸು ಕಿಟಕಿಯ ಬಳಿ ಕುಳಿತು ದಿನಕ್ಕೊಂದು ಮಾತು ಕಳೆದುಕೊಳ್ಳುತ್ತಿದ್ದಾನೆ ಎಂದು ನನಗೆ ಕಾಣುತ್ತಿತ್ತು. ಏನು ಮಾಡಬೇಕು ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ಒಂದು ಭಾನುವಾರ ಮೈದುನ ರೇಡಿಯೋ ಹೊತ್ತುಕೊಂಡು ಬಂದ. ಅಣ್ಣನ ಕೈಗೆ ಮೈಕು ಕೊಟ್ಟ. ಬೆಳಗಾವಿಯ ರೇಡಿಯೋ ಗೆಳೆಯರೆಲ್ಲ ಸಜ್ಜಾಗಿದ್ದರು. ಮೊದಲಿಗೆ ಕುಂದಾ ಅಂಗಡಿಯ ಮಾಲೀಕರ ದನಿ ಬಂತು. ಪಾಪ, ಅವರ ಮನಸ್ಸೂ ಆ ಕುಂದಾದ ಹಾಗೆ ಸಿಹಿಯಾದದ್ದೇ. ಆದರೆ ಕಿವುಡರ ಜೊತೆ ಮಾತಾಡಿದ ಹಾಗೆ ಕಿರುಚಿದರು: "ಮಾಸ್ತರ್ರ! ಹೆಂಗದೀರಿ? ಆರಾಮ ಅದೀರಲ್ಲಾ? ಆರಾಮ ಇರತೀರಿ ಬಿಡ್ರಿ! ಓವರ್!"

ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಇವರು ಮೈಕನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಗೋಡೆಯ ಕಡೆ ತಿರುಗಿದರು.

ಮೈದುನ ಬಹಳ ಹೊತ್ತು ತಲೆ ಕೆರೆದುಕೊಂಡು ಹೇಳಿದ, "ವೈನಿ, ಅಣ್ಣನ್ನ ಇಂಟರ್ನೆಟ್ಟಿಗೆ ಜೋಡಸಬೇಕು."

ಆಗ ಇಂಟರ್ನೆಟ್ಟು ಎಂದರೆ ನನಗೆ ಗೊತ್ತಿದ್ದದ್ದು ಇಷ್ಟೇ: ಅದು ಫೋನಿನ ತಂತಿಯಲ್ಲಿ ಬರುತ್ತದೆ, ಬರುವಾಗ ಬೆಕ್ಕಿನ ಬಾಲ ತುಳಿದಂತೆ ಕೂಗುತ್ತದೆ.

"ಅಣ್ಣನ ನಾಲಿಗಿ ಖಾನಾಪುರದಾಗ ಐತಿ. ಅದಕ್ಕ ಪರದೇಶಕ್ಕ ಯಾಕ ತಂತಿ ಎಳೀತಿ?"

"ತಂತಿ ಎಳೆಯಾಂಗಿಲ್ಲ ವೈನಿ. ಇಲ್ಲಿಂದ ಬೆಳಗಾವಿತನಕ ಮಾತು ಗಾಳಿಯಾಗ ಬರತೈತಿ. ನಮ್ಮ ಮನಿಯಾಗ ಕಂಪ್ಯೂಟರ್ ಅದನ್ನ ಹಿಡದು ಫೋನಿನ ತಂತಿಯಾಗ ಹಾಕತೈತಿ. ತಂತಿಯಿಂದ ಬ್ಯಾರೆ ದೇಶ. ಅಲ್ಲಿ ಮತ್ತೊಬ್ಬಾಂವ ಅದನ್ನ ಇಳಿಸಿಕೊಂಡು ತನ್ನ ಊರಿನ ಗಾಳಿಯಾಗ ಬಿಡತಾನ."

ತಿಳಿಯಿತೇ? ನನಗೂ ತಿಳಿಯಲಿಲ್ಲ. ಕೊನೆಗೆ ಕೇಳಿದೆ, "ಅಂದ್ರ ಲೋಂಡಾದಾಗ ಇಳದು ಗಾಡಿ ಬದಲ್ ಮಾಡಿದಂಗ?"

ಮೈದುನ ಜಾಗ ಬಿಟ್ಟು ಹೇಳಿದ, "ಹೌದು. ಹಂಗ."

ಗೋಡೆಯ ಕಡೆ ತಿರುಗಿದ್ದವರ ಭುಜ ಸ್ವಲ್ಪ ಅಲುಗಿತು. ನಕ್ಕರೇನೋ!

"ಅದೆಲ್ಲಾ ಖರೇ. ಆದ್ರ ಯಾಕ? ಊರವರ ಜೋಡಿ ಮಾತಾಡದಾಂವ ಪರದೇಶದವರ ಜೋಡಿ ಮಾತಾಡತಾನೇನು?"

ಇದಕ್ಕೂ ಮೈದುನ ಜಾಗ ಬಿಟ್ಟ. ಬಿಟ್ಟು ಹಾಗೇ ಎದ್ದು ಬೆಳಗಾವಿಯ ಗಾಡಿ ಹಿಡಿದ. ಹೋಗುವಾಗ ನನ್ನ ಒಗ್ಗರಣೆಯ ಸ್ಟೀಲ್ ಡಬ್ಬಿ ಹೊತ್ತುಕೊಂಡು ಹೋದ. ರೇಡಿಯೋವನ್ನೂ ಕಂಪ್ಯೂಟರನ್ನೂ ಜೋಡಿಸುವ ಯಂತ್ರವೊಂದನ್ನು ಮಾಡಬೇಕಿತ್ತಂತೆ, ಅದಕ್ಕೆ ಲೋಹದ ಮನೆಯೇ ಬೇಕಂತೆ. ಬೆಳಗಾವಿಯಲ್ಲಿ ಇಷ್ಟೊಂದು ಪಾತ್ರೆ ಅಂಗಡಿಗಳಿವೆ, ನನ್ನ ಡಬ್ಬಿಯೇ ಆಗಬೇಕಿತ್ತೇ? ಆ ಯಂತ್ರ ಬಿಸಿಯಾದಾಗಲೆಲ್ಲ ಅವನ ಮನೆಯಲ್ಲಿ ಇಂಗಿನ ವಾಸನೆ ಬರುತ್ತಿತ್ತಂತೆ. ಬಂದವರೆಲ್ಲ, "ಏನ್ರೀ, ಸಾರು ಮಾಡೀರೇನು?" ಎಂದು ಕೇಳುತ್ತಿದ್ದರಂತೆ. ಚಲೋ ಆಯಿತು!

ಮುಂದಿನದೆಲ್ಲ ಹತ್ತು ಜನ ಸೇರಿ ಹಂದರ ಹಾಕಿದ ಹಾಗೆ ನಡೆಯಿತು. ಮುಚ್ಚಿದ ಸೈಬರ್ ಅಂಗಡಿಯವರೊಬ್ಬರು ಹಳೆಯ ಕಂಪ್ಯೂಟರ್ ಕೊಟ್ಟರು. ಕುಂದಾ ಅಂಗಡಿಯವರು ತಮ್ಮ ಟೆಂಪೋದಲ್ಲಿ ಕಬ್ಬಿಣದ ಕೊಳವೆ ತಂದರು. ಆದರೆ ದೊಡ್ಡ ತಂಟೆ ಎದ್ದದ್ದು ಫೋನಿನದು. ಆ ಓಣಿಯಲ್ಲಿ ಮೈದುನನ ಮನೆಯ ಫೋನೇ ಎಲ್ಲರ ಫೋನು. ಮಗಳ ಬಾಣಂತನ, ಅಳಿಯನ ವರ್ಗಾವಣೆ, ಮಾವನ ಸಾವು, ಎಲ್ಲ ಸುದ್ದಿಯೂ ಅಲ್ಲಿಗೇ ಬರಬೇಕು, ಇವನು ಕಟ್ಟೆಯ ಮೇಲೆ ನಿಂತು ಕೂಗಿ ಕರೆಯಬೇಕು. ಇಂಟರ್ನೆಟ್ಟು ತಂತಿಯಲ್ಲಿ ಕುಳಿತರೆ ಓಣಿಗೆ ಓಣಿಯೇ ಕಿವುಡು!

ಓಣಿಯವರು ಕಟ್ಟೆಯ ಮೇಲೆ ಕೂಡಿದರು. "ನಿಮ್ಮ ಹುಚ್ಚಿಗೆ ನಮ್ಮ ಬೀಗರ ಫೋನ್ ಬಂದ್ ಆಗಬೇಕೇನ್ರಿ?" ಎಂದು ಒಬ್ಬ ಹೆಣ್ಣುಮಗಳು ಜೋರು ಮಾಡಿದಳು.

ಮೈದುನ ಜಾಗ ಬಿಟ್ಟು ಹೇಳಿದ, "ನನಗಲ್ರೀ. ನಮ್ಮ ಅಣ್ಣ ಮಾತು ಬಿಟ್ಟಾನ."

ಅವಳು ಇವನ ಮುಖವನ್ನೇ ನೋಡಿದಳಂತೆ. ಆಮೇಲೆ ಓಣಿಯ ಕಡೆ ತಿರುಗಿ ಅಷ್ಟೇ ಜೋರಾಗಿ, "ಇವತ್ತಿಂದ ಸಂಜಿ ಆರರಿಂದ ಏಳರತನಕ ಯಾರೂ ಸಾಯಬಾರದು, ಯಾರೂ ಹಡೀಬಾರದು. ಬೀಗರಿಗೆಲ್ಲಾ ಹೇಳಿಬಿಡ್ರಿ!" ಎಂದು ತೀರ್ಪು ಕೊಟ್ಟಳಂತೆ. ನಾನು ಅವಳ ಕಾಲು ಹಿಡಿಯುವುದೊಂದು ಬಾಕಿ.

ಈ ಕಡೆ ಖಾನಾಪುರದಲ್ಲಿ ಎತ್ತರಕ್ಕೆ ಆಂಟೆನಾ ಕಟ್ಟಬೇಕಿತ್ತು. ನಮ್ಮ ಮನೆ ಕುಳ್ಳು. ಹಿತ್ತಿಲ ಬಾಜೂಕಿನ ಮರಾಠಿ ಆಯಿಯ ಹಲಸಿನ ಮರವೇ ಎತ್ತರ. ಆಯಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಮಾಝ್ಯಾ ಫಣಸಾಲಾ ಖಿಳಾ ಮಾರಾಯಚಾ ನಾಹೀ!" ಎಂದಳು. ಅವಳ ಹಲಸಿಗೆ ಮೊಳೆ ಹೊಡೆಯಕೂಡದು. ಕೊನೆಗೆ ಅವಳದೇ ಹಳೆಯ ಒಂಬತ್ತು ಗಜದ ಸೀರೆ ಹರಿದು ಕೊಳವೆಯನ್ನು ಕೊಂಬೆಗೆ ಬಿಗಿದರು. ಮುಸಿಯ, ಅದೇ ಆ ಕರಿಮೂತಿಯ ಕೋತಿ, ಬಂದು ಆಂಟೆನಾದ ಮೇಲೆ ಕುಳಿತರೆ ಬೆಳಗಾವಿ ಮಾಯವಾಗುತ್ತಿತ್ತು. ಆಯಿ ಕೋಲು ಹಿಡಿದು ಓಡಿಸಿದರೆ ಮತ್ತೆ ಬೆಳಗಾವಿ ಬರುತ್ತಿತ್ತು. ಇಷ್ಟು ಭದ್ರವಾದ ವ್ಯವಸ್ಥೆ!

ಈಗ ನನ್ನ ಪರಾಕ್ರಮ ಹೇಳಲೇಬೇಕು. ಇವರ ಕೈಗೆ ಗುಂಡಿ ಒತ್ತುವುದು ಕಷ್ಟವಾದೀತೆಂದು ಮೈದುನ ನಮ್ಮ ಮನೆಯ ರೇಡಿಯೋಗೆ ಒಂದು ಉಪಾಯ ಮಾಡಿದ್ದ. ಎದುರಿಗೆ ಸದ್ದಾದರೆ ಸಾಕು, ಅದು ತಾನೇ ತೆರೆದುಕೊಂಡು ಮಾತನ್ನು ಕಳಿಸುತ್ತಿತ್ತು. ಇದನ್ನು ನನಗೆ ಹೇಳಿದ್ದನಂತೆ. ಹೇಳಿರಬಹುದು. ಅವನು ಜಾಗ ಬಿಟ್ಟಾಗ ನಾನು ಒಳಗೆ ಹೋಗಿರಬೇಕು.

ಮೊದಲ ಪರೀಕ್ಷೆಯ ಸಂಜೆ ಕುಕ್ಕರು ಸೀಟಿ ಹೊಡೆಯಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು. ನಾನು ಆಯಿಯ ಜೊತೆ ಕುಳಿತು ಬಟಾಣಿ ಬಿಡಿಸುತ್ತಾ, ನಮ್ಮ ಬೀಗರ ಮನೆಯ ಮದುವೆಯ ಹೋಳಿಗೆಯಲ್ಲಿ ಹೂರಣ ಹುಡುಕಲು ಹೇಗೆ ಕನ್ನಡಕ ಬೇಕಾಯಿತು, ಬೀಗಿತ್ತಿಯ ಕೈಯ ಪಾಟಲಿ ಬಳೆಗಳಲ್ಲಿ ಬಂಗಾರ ಎಷ್ಟು, ತಾಮ್ರ ಎಷ್ಟು ಎಂದು ಸವಿಸ್ತಾರವಾಗಿ ಹೇಳಿದೆ. ಆಯಿ ಮರಾಠಿಯಲ್ಲಿ ಹೂಂಗುಟ್ಟಿದಳು. ಉಸಿರು ತೆಗೆದುಕೊಳ್ಳಲು ನಿಂತೆ ನೋಡಿ, ಕೋಣೆಯೊಳಗಿಂದ ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಏನೋ ಕೇಳಿದ!

"ಯಾರಾಂವ? ಹೊರಗ ಬಾ!" ಎಂದು ಲಟ್ಟಣಿಗೆ ಹಿಡಿದು ನುಗ್ಗಿದೆ. ಕೋಣೆಯಲ್ಲಿ ಇವರೊಬ್ಬರೇ ಇದ್ದರು. ಕಣ್ಣಲ್ಲಿ ನೀರು ಬರುವ ಹಾಗೆ, ಸದ್ದಿಲ್ಲದೆ ನಗುತ್ತಿದ್ದರು.

ಆ ದನಿ ಸ್ಕಾಟ್ಲೆಂಡಿನಲ್ಲಿ ಕುರಿ ಸಾಕುವ ಒಬ್ಬ ಮುದುಕನದು. ಬೀಗರ ಹೋಳಿಗೆಯ ಕತೆ ಗಾಳಿಯಲ್ಲಿ ಬೆಳಗಾವಿಗೆ ಹೋಗಿ, ಗಾಡಿ ಬದಲಿಸಿ, ಅವನ ಕುರಿಗಳವರೆಗೆ ಮುಟ್ಟಿತ್ತು! ಮಾರನೆಯ ದಿನ ಮೈದುನ ಕೆಂಪಗಾಗಿ ಬಂದ. "ವೈನಿ, ನಿಮಗ ಲೈಸೆನ್ಸ್ ಇಲ್ಲ. ನಿಮ್ಮ ಸಲುವಾಗಿ ನಾ ಗಾಳಿಯಾಗ ಎಲ್ಲಾರಿಗೂ ಮಾಫಿ ಕೇಳೀನಿ. ಮೈಕಿನ ಮುಂದ ಇನ್ನ ನೀವು ಉಸಿರೂ ಬಿಡಬ್ಯಾಡ್ರಿ." ತನ್ನ ಉಪಾಯವನ್ನೂ ತೆಗೆದು ಮೊದಲಿನ ಗುಂಡಿಯನ್ನೇ ಹಾಕಿದ. ಕುಂದಾ ಅಂಗಡಿಯವರು ಮಾತ್ರ ಕಂಡಾಗಲೆಲ್ಲ, "ವೈನಿ, ಆ ಪಾಟಲಿ ವಿಷಯ ಮುಂದ ಏನಾತ್ರಿ?" ಎಂದು ಕೇಳುತ್ತಿದ್ದರು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಅದಕ್ಕೇ ಮರುದಿನ ಸಂಜೆ ಮೈಕಿನ ಮುಂದೆ ಕುಳಿತಾಗ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಮಗಳಿಗೂ ಅಳಿಯನಿಗೂ ಅದನ್ನೇ ಮಾಡಿ ಎಂದು ಸನ್ನೆ ಮಾಡಿದೆ. ಅಳಿಯನಿಗೆ ಸೆರಗಿರಲಿಲ್ಲ, ಟವೆಲ್ ಕಚ್ಚಿಕೊಂಡ.

ಮೈದುನ ಕರೆದ. ಕುರಿಗಾರ ಮುದುಕ ಬಂದ. ಅವನ ಇಂಗ್ಲಿಷು ಬಾಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡವನದು. ಅವನೊಂದು ಮಾತು ಹೇಳುವುದು, ಆಮೇಲೆ ಮೌನ. ಇವನು ಉತ್ತರ ಕೊಡುವುದು, ಮತ್ತೆ ಮೌನ. ಮಾತು ಅಷ್ಟು ದೂರ ಗಾಡಿ ಬದಲಿಸುತ್ತಾ ಹೋಗಿಬರಬೇಕಲ್ಲ. ಅಲ್ಲಿ ಯಾರೂ ಅವಸರ ಮಾಡುವಂತೆಯೇ ಇರಲಿಲ್ಲ. ಬಳಿಕ ಮೈದುನ ಮೈಕನ್ನು ಅಣ್ಣನ ಕೈಗಿಟ್ಟ.

ಇವರು ಗುಂಡಿ ಒತ್ತಿದರು. ಬೆರಳು ಗಟ್ಟಿಯಾಗಿಯೇ ಕುಳಿತಿತು.

"ನಾ... ನಾ..."

ನನ್ನ ಬಾಯಿಯಲ್ಲಿ "ನಾಷ್ಟಾ" ಬಂದು ಸೆರಗಿಗೆ ಬಡಿಯಿತು. ಮಗಳ ಕಣ್ಣುಗಳು ಅರಳಿದವು. ಅಳಿಯ ಟವೆಲ್ ನುಂಗುವುದೊಂದು ಬಾಕಿ.

"ನಾ... ಲೋಂಡಾ... ಸ್ಟೇಷನ್ ಮಾಸ್ತರ್." ಮತ್ತೆ ನಿಂತಿತು. ಗೋಡೆಯ ಗಡಿಯಾರ ಮಾತ್ರ ನಡೆಯಿತು. "ನನ್ನ ಹೇಣ್ತಿ... ಉಪ್ಪಿಟ್ಟಿಗೆ... ಉಪ್ಪು... ಹಾಕೂದು ಬಿಟ್ಟಾಳ. ಡಾಕ್ಟರ್... ಹೇಳ್ಯಾರಂತ. ತಿನ್ನಾಕ... ಆಗವಲ್ದು. ಓವರ್."

ಕಾಯಿಲೆಯಾದ ಮೇಲೆ ಬಾಯಿಂದ ಪೂರ್ತಿಯಾಗಿ ಹೊರಟ ಮೊದಲ ಮಾತು! ಅದೂ ನನ್ನ ಮೇಲಿನ ದೂರು! ಅದೂ ಪರದೇಶಕ್ಕೆ!

ಮುದುಕ ಕಾದ. ಒಂದಕ್ಷರ ತಿಳಿಯದವನು ಎಲ್ಲವನ್ನೂ ಕೇಳಿ, ಜಾಗ ಬಿಟ್ಟು, ಏನೋ ಅಂದ. ಅವರು ಏನು ಹೇಳಿದರು ಎಂದು ಕೇಳುತ್ತಿದ್ದಾನೆ ಅಂತ ಮಗಳು ಕಿವಿಯಲ್ಲಿ ಹೇಳಿದಳು. ಮೈದುನ ನನ್ನ ಕಡೆ ಒಮ್ಮೆ ನೋಡಿ, ಗುಂಡಿ ಒತ್ತಿ, ಇಂಗ್ಲಿಷಿನಲ್ಲಿ, ತನ್ನ ಹೆಂಡತಿ ಬಹಳ ಚೆಂದ ಅಡುಗೆ ಮಾಡುತ್ತಾಳೆ ಎಂದು ಅಣ್ಣ ಹೇಳುತ್ತಿದ್ದಾನೆ ಅಂದ. ಇವರು ಗೊಗ್ಗರ ದನಿಯಲ್ಲಿ ನಕ್ಕರು. ಜೋರಾಗಿ. ಲೋಂಡಾದವರೆಗೆ ಕೇಳಿಸಿರಬೇಕು.

ಆಮೇಲೆ ಅಂಗಳದಲ್ಲಿ ಮೈದುನನನ್ನು ಹಿಡಿದೆ. "ಈಗರೆ ಹೇಳೋ. ಊರವರ ಜೋಡಿ ಆಗದ್ದು ಅವರ ಜೋಡಿ ಹೆಂಗಾತು?"

"ಊರವರಿಗೆ ಅಣ್ಣ ಮೊದಲ ಹೆಂಗಿದ್ದ ಅಂತ ಗೊತ್ತೈತಿ, ವೈನಿ. ಅವರಿಗೆ ಗೊತ್ತಿಲ್ಲ. ಮತ್ತ..." ಅವನು ಹಲಸಿನ ಮರದ ಕಡೆ ನೋಡಿದ. "ಅಲ್ಲಿ ಎಲ್ಲಾರೂ ತಡದೇ ಮಾತಾಡತಾರ. ಅಣ್ಣನ ತಡ ಯಾರಿಗೂ ಗೊತ್ತಾಗಾಂಗಿಲ್ಲ."

ದಿನಾ ಸಂಜೆ ಆರು ಗಂಟೆಗೆ ಸದಾಶಿವನಗರದ ಓಣಿ ಫೋನು ಬಿಟ್ಟುಕೊಟ್ಟಿತು, ಆಯಿ ಮುಸಿಯನ ಮೇಲೆ ಕಣ್ಣಿಟ್ಟಳು, ನಾವು ಸೆರಗು ಕಚ್ಚಿ ಕುಳಿತೆವು. ಇವರ ಮಾತು ಎಲ್ಲವೂ ಮರಳಲಿಲ್ಲ. ಬಂದಷ್ಟರಲ್ಲಿ ಕುರಿಗಾರನಿಗೆ ನನ್ನ ಬಗ್ಗೆ ಸಾಕಷ್ಟು ದೂರು ಹೋಯಿತು. ಮೈದುನ ಪ್ರತಿ ಸಲವೂ ನನ್ನನ್ನು ಹೊಗಳಿ ಅನುವಾದಿಸಿದ. ಆ ಮುದುಕನ ಲೆಕ್ಕದಲ್ಲಿ ನನ್ನಂಥ ಹೆಂಗಸು ಭೂಮಿಯ ಮೇಲೆ ಇನ್ನೊಬ್ಬಳಿರಲಿಲ್ಲ.

ಇವರು ಹೋದದ್ದು ಕೆಲವು ಮಳೆಗಾಲ ಕಳೆದ ಮೇಲೆ, ಒಂದು ಮಧ್ಯಾಹ್ನ, ನಿದ್ದೆಯಲ್ಲೇ.

ಕಾರ್ಯಗಳೆಲ್ಲ ಮುಗಿದ ದಿನ, ಸಂಜೆ ಆರಕ್ಕೆ ಮೈದುನ ನಮ್ಮ ಮನೆಯ ಪೆಟ್ಟಿಗೆ ಹಚ್ಚಿದ. ಗಾಳಿಯಲ್ಲಿ ಹೆಸರಿನ ಬದಲು ಹೇಳುವ ತನ್ನ ಸಂಕೇತ ಹೇಳಿ ಕರೆದ. ಸುದ್ದಿ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಅಭ್ಯಾಸದಂತೆ ಅಣ್ಣನ ಸಂಕೇತವನ್ನೂ ಕರೆದುಬಿಟ್ಟ. ಓವರ್ ಅಂದ. ಗುಂಡಿ ಬಿಟ್ಟ. ಜಾಗ ಬಿಟ್ಟ.

ಯಾರೂ ಬರಲಿಲ್ಲ. ಕುಂದಾ ಅಂಗಡಿಯವರು ಕಿರುಚಲಿಲ್ಲ. ಸ್ಕಾಟ್ಲೆಂಡಿನ ಮುದುಕ ಬಟಾಟೆ ಅಲ್ಲಾಡಿಸಲಿಲ್ಲ. ಆ ಜಾಗ ಬೆಳೆಯುತ್ತಲೇ ಹೋಯಿತು. ಎಲ್ಲರೂ ಅಲ್ಲೇ ಇದ್ದರು, ಎಲ್ಲರೂ ಇವರಿಗಾಗಿಯೇ ಅದನ್ನು ಬಿಟ್ಟು ಕುಳಿತಿದ್ದರು.

ಆಗ ನನ್ನ ಮೈದುನ, ದೊಡ್ಡ ಸಾಹೇಬರ ಕೈಯಿಂದಲೇ ಮೈಕು ಕಸಿದುಕೊಂಡವನು, ಅದನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.

"ನನಗ ಲೈಸೆನ್ಸ್ ಇಲ್ಲೋ," ಎಂದು ಬಾಯಲ್ಲಿದ್ದ ಸೆರಗಿನ ಸಂದಿಯಿಂದಲೇ ಅಂದೆ.

ಅವನು ಅಡುಗೆಮನೆಯ ಬಾಗಿಲ ಕಡೆ ತಿರುಗಿದ. ಅಲ್ಲಿ ಗೋಡೆಯ ಮೇಲಿದ್ದ ಅಣ್ಣನ ಲೈಸೆನ್ಸಿನ ಕಟ್ಟನ್ನು ನೋಡಿದ, ಅಷ್ಟೇ.

ಸೆರಗನ್ನು ಬಾಯಿಂದ ತೆಗೆದೆ. ಗುಂಡಿ ಒತ್ತಿದೆ.

"ಇವತ್ತ ಉಪ್ಪಿಟ್ಟಿಗೆ ಉಪ್ಪು ಹಾಕೀನ್ರಿ. ಓವರ್."

ಆಮೇಲೆ ಗುಂಡಿಯಿಂದ ಬೆರಳು ತೆಗೆದು, ಮೈದುನ ಕಲಿಸಿದ ಹಾಗೆ, ಜಾಗ ಬಿಟ್ಟು ಕುಳಿತೆ.